ಮಾತು ಬಿಟ್ಟಿರುವ ಮಗಳಿಗೆ

ಪ್ರೀತಿಯ ಮಗಳೇ,

ಹತ್ತು ದಿನ ಮಾತು ಬೇಡ, ಎರಡು ತಿಂಗಳು ಹಾಡು ಬೇಡ ಎಂದು ವೈದ್ಯರು ಹೇಳಿದರೆಂದು ಬರೆದಿದ್ದೀಯ. ಹಾಗಾಗಿ ಫೋನ್ ಮಾಡುವುದಿಲ್ಲ. ಮಾಡಿದರೆ ಉತ್ತರ ಕೊಡದೆ ಸುಮ್ಮನಿರುವವಳಲ್ಲ ನೀನು.

ಗಂಟಲಲ್ಲಿ ಗಂಟು ಬಂತು, ಇನ್ನೇನಿದೆ ಎಂದೂ ಬರೆದಿದ್ದೀಯಲ್ಲ, ಅದಕ್ಕೇ ಎನ್ರಿಕೊ ಕರೂಸೊ ನೆನಪಾದ. 1873ರಲ್ಲಿ ಇಟಲಿಯ ನೇಪಲ್ಸಿನ ಬಡವರ ಮನೆಯಲ್ಲಿ ಹುಟ್ಟಿದವನು, ಒಪೆರಾ ಎಂಬ ಹಾಡುನಾಟಕದ ಟೆನರ್ ಗಾಯಕ. ಒಪೆರಾದಲ್ಲಿ ಟೆನರ್ ಎಂದರೆ ತಾರಕ್ಕೆ ಏರುವ ಗಂಡುದನಿ. ಆರಂಭದಲ್ಲಿ ಇವನಿಗೆ ಆ ತಾರವೇ ಕೈಕೊಡುತ್ತಿತ್ತು. ಮೇಲೆ ಹೋದಂತೆ ದನಿ ಒಡೆಯುತ್ತಿತ್ತು. ಹೆಸರು ಮಾಡಿದ ಮೇಲೆ ಹುಟ್ಟೂರಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ಹಾಡಿದರೆ ಜನ ತಣ್ಣಗೆ ಕುಳಿತರು. ಆ ಊರಿನಲ್ಲಿ ಮತ್ತೆಂದೂ ಅವನು ಹಾಡಲಿಲ್ಲ. ಹಟದಲ್ಲಿ ನಿನಗೆ ಸರಿಜೋಡಿ.

1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ಧ್ವನಿಮುದ್ರಣ ಯಂತ್ರದ ಕೊಳವೆಯ ಬಾಯಿಗೆ ಹತ್ತು ಹಾಡು ಹಾಡಿ ನೂರು ಪೌಂಡ್ ಪಡೆದ. ಮೈಕ್ ಇಲ್ಲದ ಕಾಲ; ದನಿಯ ಬಲಕ್ಕೇ ಸೂಜಿ ನಡುಗಿ ಮೇಣದ ಮೇಲೆ ಗೀರು ಮೂಡಬೇಕು. ಅದನ್ನು ಮುದ್ರಿಸಿಕೊಂಡ ಫ್ರೆಡ್ ಗೈಸ್‌ಬರ್ಗ್ ಅದೇ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಎದುರಿಗೂ ಕೊಳವೆ ಇಟ್ಟ. ಆಕೆ 1930ರಲ್ಲಿ ಕಣ್ಣುಮುಚ್ಚಿದ್ದು ನಮ್ಮ ಮೈಸೂರಿನಲ್ಲೇ. ಇರಲಿ, ಕಥೆ ಎಲ್ಲಿಗೋ ಹೋಯಿತು.

1909ರಲ್ಲಿ ಕರೂಸೊನ ಧ್ವನಿತಂತುವಿನಲ್ಲೂ ಗಂಟು ಕಾಣಿಸಿತು. ಮಿಲಾನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದ. ದನಿ ಮೊದಲಿಗಿಂತ ಗಾಢವಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಒಂದರಲ್ಲೇ ಅವನು ಹಾಡಿದ ಪ್ರದರ್ಶನಗಳು ಎಂಟುನೂರಕ್ಕೂ ಹೆಚ್ಚು.

ಕಥೆ ಇಲ್ಲಿಗೇ ನಿಂತಿದ್ದರೆ ನಿನಗೆ ಧೈರ್ಯ ಹೇಳಿ ಮುಗಿಸಬಹುದಿತ್ತು. 1920ರ ಡಿಸೆಂಬರ್ 11ರಂದು ಬ್ರೂಕ್ಲಿನ್‌ನಲ್ಲಿ ಹಾಡುತ್ತಿರುವಾಗಲೇ ಬಾಯಿಂದ ರಕ್ತ ಬಂತು. ಜೊತೆಯವರು ಒಂದರ ಹಿಂದೊಂದು ಟವೆಲ್ ದಾಟಿಸಿದರು. ಅವನು ಒರೆಸಿಕೊಳ್ಳುತ್ತಲೇ ಅಂಕ ಮುಗಿಸಿದ. ಉಳಿದ ಪ್ರದರ್ಶನ ರದ್ದಾಯಿತು. ಎರಡೇ ದಿನದಲ್ಲಿ ಮತ್ತೆ ರಂಗದ ಮೇಲಿದ್ದ! ಪಕ್ಕೆಯ ನರದ ನೋವು ಎಂದಿದ್ದರು ವೈದ್ಯರು. ನಿಜವಾಗಿ ಕೀವು ತುಂಬುತ್ತಿತ್ತು. ಡಿಸೆಂಬರ್ 24ರಂದು ಹಾಡಿದ್ದೇ ಕೊನೆಯದು. ಮರುವರ್ಷ ಆಗಸ್ಟ್ 2ರಂದು, ನೇಪಲ್ಸಿನಲ್ಲೇ, 48ನೇ ವಯಸ್ಸಿನಲ್ಲಿ ತೀರಿಕೊಂಡ. ಮಗಳು ಗ್ಲೋರಿಯಾಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಆ ಟವೆಲ್ಲುಗಳನ್ನು ಕಲಾನಿಷ್ಠೆ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಟಿಕೆಟ್ ಹಣ ಹಿಂತಿರುಗಿಸಿದರೆ ಯಾರೂ ಸಾಯುವುದಿಲ್ಲ. ನಿನ್ನ ಮುಂದಿನ ತಿಂಗಳ ಕಛೇರಿಯ ಆಯೋಜಕರಿಗೆ ಇವತ್ತೇ ಬರೆದು ತಿಳಿಸು. ನಿನ್ನಿಂದಾಗದಿದ್ದರೆ ನಾನೇ ಬರೆಯುತ್ತೇನೆ, ನನಗೇನೂ ಸಂಕೋಚವಿಲ್ಲ.

ಪಿಸುಗುಟ್ಟಲೂ ಬೇಡ, ಅದೂ ಗಂಟಲಿಗೆ ಭಾರವೇ. ಕರೂಸೊ ಸೊಗಸಾಗಿ ವ್ಯಂಗ್ಯಚಿತ್ರ ಬರೆಯುತ್ತಿದ್ದ. ನಿನಗೂ ಕೈ ಇದೆ. ಬಾಡಿಗೆ ಕೇಳಲು ಬಂದ ಮನೆಯೊಡತಿಗೆ ಕೈಸನ್ನೆಯಲ್ಲಿ ಏನು ಹೇಳಿದೆಯೋ, ಅದನ್ನು ಬರೆದು ಕಳುಹಿಸು.

ನಿನ್ನ ಅಪ್ಪ