ದೊಡ್ಡವ್ವನಿಗೆ, ಮತ್ತು ಉಳಿದ ಎಲ್ಲರಿಗೂ

ಕಳೆದ ಸೋಮವಾರ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ ಕೈಸೇರಿತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ವಾರ್ಡ್ ಆಯಾ ಆಗಿದ್ದ ನಾನು ಈಗ ಎಎನ್‌ಎಂ, ಅಂದರೆ ಹೆರಿಗೆಯನ್ನೂ ನೋಡಿಕೊಳ್ಳುವ ಸಹಾಯಕ ನರ್ಸ್. ಫೋನ್ ಮಾಡಿದವರಿಗೆಲ್ಲ ಅಳುತ್ತಲೇ ಉತ್ತರ ಕೊಟ್ಟೆ, ಯಾರಿಗೂ ನೆಟ್ಟಗೆ ಕೃತಜ್ಞತೆ ಹೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟಿಸಿದ ನನ್ನ ಯಜಮಾನರಿಗೆ, ಎರಡು ವರ್ಷ ನಸುಕಿನಲ್ಲೆದ್ದು ನನ್ನ ಬುತ್ತಿಗೆ ರೊಟ್ಟಿ ಬಡಿದ ಅತ್ತೆಗೆ, ಪಾಳಿ ಬದಲಿಸಿಕೊಟ್ಟ ಸಿಸ್ಟರ್‌ಗಳಿಗೆ, ಕೋರ್ಸ್ ಸೇರಲು 35 ವಯಸ್ಸಿನ ಮಿತಿ, ನಿನಗಿನ್ನೂ 33 ಎಂದು ಎಚ್ಚರಿಸಿ ಅರ್ಜಿ ತುಂಬಿಸಿದ ಮೇಡಂಗೆ ನಾನು ಋಣಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಾನ್ವಿಯಿಂದ ಓಡಾಡುವ ಬಸ್ಸಿನ ದುಡ್ಡು ಪುಸ್ತಕಕ್ಕೆ ಸಿಕ್ಕಿತು, ಅದನ್ನೂ ಮರೆಯಲಾರೆ.

ಇನ್ನು ದೊಡ್ಡವ್ವ. ನನಗೆ ರಕ್ತಸಂಬಂಧಿಯಲ್ಲ. ಅದೇ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗುತ್ತಿಗೆಯ ಮೇಲೆ ನೆಲ ಒರೆಸುತ್ತಿದ್ದಾಳೆ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ.

ಜ್ವರ ಬಂದ ಮಗನನ್ನು ಆಸ್ಪತ್ರೆಗೆ ದಾಖಲಿಸಿದ ಆ ರಾತ್ರಿಯ ಸಂಗತಿ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವ ಶಕ್ತಿ ನನಗಿಲ್ಲ. ಬೆಳಿಗ್ಗೆ ಹೆರಿಗೆ ಶುಶ್ರೂಷೆಯ ಪರೀಕ್ಷೆ ಇತ್ತು. ಯಜಮಾನರು ಊರಲ್ಲಿರಲಿಲ್ಲ. ದೊಡ್ಡವ್ವನ ಪಾಳಿ ರಾತ್ರಿ ಎಂಟಕ್ಕೇ ಮುಗಿದಿತ್ತು. ಆಕೆ ಮನೆಗೆ ಹೋಗಲಿಲ್ಲ. ಮಗನ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬದಲಿಸುತ್ತ ಕುಳಿತಳು.

ಒಂದು ಹೊತ್ತಿನಲ್ಲಿ ನಾನು ಪುಸ್ತಕವನ್ನು ನೆಲಕ್ಕೆ ಎಸೆದೆ. ಮಗ ನರಳುತ್ತಿರುವಾಗ ಓದುತ್ತಿರುವ ನಾನೆಂಥ ತಾಯಿ ಎಂದು ಅಳತೊಡಗಿದೆ. ದೊಡ್ಡವ್ವ ಪುಸ್ತಕ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ನನ್ನ ತೊಡೆಯ ಮೇಲಿಟ್ಟಳು. "ನನಗೆ ನಿದ್ದೆ ಬರುತ್ತಿದೆ ಯವ್ವಾ, ಜೋರಾಗಿ ಓದು" ಎಂದಳು.

ಓದಿದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುಮದ್ದು. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆ ಮುಟ್ಟಿ ನೋಡಬೇಕು. ರಕ್ತಸ್ರಾವ 500 ಮಿಲಿಲೀಟರ್ ತಲುಪಿದರೆ ಅಪಾಯ. ಅಲ್ಲಿ ದೊಡ್ಡವ್ವ ತಡೆದಳು.

"ಅಷ್ಟಾಯಿತು ಎಂದು ಹೇಗೆ ತಿಳಿಯುತ್ತೀ? ಬಟ್ಟೆ ಎಷ್ಟು ತೊಯ್ದಿದೆ ನೋಡಬೇಕು. ಬೆನ್ನಿನ ಕೆಳಗೆ ಕೈ ಹಾಕಿ ನೋಡಬೇಕು. ಮಂಚದ ಕೆಳಗೂ ಬಗ್ಗಿ ನೋಡಬೇಕು. ಅಲ್ಲಿ ಹರಿದದ್ದು ಒರೆಸುವವಳಿಗೆ ಮಾತ್ರ ಗೊತ್ತು."

ಬೆಳಗಿನ ಜಾವದವರೆಗೆ ಹೀಗೇ ನಡೆಯಿತು. ನಾನು ಓದುವುದು, ಆಕೆ ತಾನು ಕಂಡದ್ದನ್ನು ಹೇಳುವುದು. ಐದಕ್ಕೆ ಮಗ ಬೆವರಿದ, ಜ್ವರ ಇಳಿಯಿತು. "ನೀನು ಹೋಗು, ನಾನಿದ್ದೇನೆ" ಎಂದಳು. ಹೋದೆ.

ರಕ್ತಸ್ರಾವದ ಪ್ರಶ್ನೆ ಪರೀಕ್ಷೆಯಲ್ಲಿ ಬರಲಿಲ್ಲ. ಆದರೆ ಆಮೇಲೆ ಹೆರಿಗೆ ಕೋಣೆಯಲ್ಲಿ ಒಂದು ದಿನ, ಎಲ್ಲರೂ ಮಗುವಿನ ಸುತ್ತ ಇದ್ದಾಗ, ನಾನು ಬಗ್ಗಿ ಮಂಚದ ಕೆಳಗೆ ನೋಡಿದೆ. ನೋಡಿ, ಕೂಡಲೇ ಸಿಸ್ಟರನ್ನು ಕೂಗಿದೆ. ಆ ತಾಯಿ ನಾಲ್ಕನೆಯ ದಿನ ಕೂಸನ್ನೆತ್ತಿಕೊಂಡು ಮನೆಗೆ ಹೋದಳು.

ನನ್ನ ಕೈಗೆ ಪ್ರಮಾಣಪತ್ರ ಬಂತು, ಕಲಿಸಿದ ಕೈಗೆ ಯಾವ ಪತ್ರವೂ ಇಲ್ಲ. ಇದು ನನ್ನನ್ನು ಚುಚ್ಚುತ್ತಲೇ ಇದೆ. ಕೆಲಸ ಮಾಡುತ್ತಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಆಯಾಗಳಿಗೆ, ವಾರ್ಡ್ ಬಾಯ್‌ಗಳಿಗೆ ಈ ಸುದ್ದಿಯನ್ನು ವಾರ್ಡಿಗೇ ಬಂದು ಹೇಳುವವರು ಬೇಕು. ದೊಡ್ಡವ್ವನಿಗೆ ಹೇಳಿದೆ. "ನನಗೆ ಸಾಕು, ಸಣ್ಣವರಿಗೆ ಮಾಡಿಸು" ಎಂದಳು. ನಾನು ಬಿಡುವುದಿಲ್ಲ, ಆಕೆಗೂ ಮಾಡಿಸುತ್ತೇನೆ.

ನಮ್ಮ ವಾರ್ಡಿನ ಇಬ್ಬರು ಹುಡುಗಿಯರು ಈ ಸಲ ಪಿಯುಸಿ ಕಟ್ಟಿದ್ದಾರೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಕಟ್ಟೆಯ ಮೇಲೆ ಓದಿಸುತ್ತೇನೆ. ಬೇರೆ ಆಸ್ಪತ್ರೆಯ ಆಯಾಗಳೂ ಬರಬಹುದು. ದೊಡ್ಡವ್ವನೂ ಇರುತ್ತಾಳೆ.