ಟ್ರಂಪೆಟ್ಟಿಗೆ ಎಷ್ಟು ವ್ಯಾಟ್, ಸ್ವಾಮಿ?

ಮಾನ್ಯ ಶಾಸಕರಿಗೆ,

ನಮಸ್ಕಾರ. ನಮ್ಮ ವಾರ್ಡಿನ ಸಮುದಾಯ ಭವನದಲ್ಲಿ ಮಂಗಳವಾರ, ಶುಕ್ರವಾರ ಸಂಜೆ ಆರರಿಂದ ಎಂಟರವರೆಗೆ ಸ್ವಿಂಗ್ ಎಂಬ ಜಾಜ್ ಶೈಲಿಯ ಬ್ಯಾಂಡಿನ ತಾಲೀಮಿಗೆ ಜಾಗ ಕೊಡಿ ಎಂದು ಕೊಟ್ಟ ಅರ್ಜಿ ನಾಲ್ಕನೇ ಸಲ ವಾಪಸ್ ಬಂದಿದೆ. ಈ ಸಲದ ಷರಾ: ‘ಧ್ವನಿವರ್ಧಕದ ವಿದ್ಯುತ್ ಸಾಮರ್ಥ್ಯ (ವ್ಯಾಟ್) ನಮೂದಿಸಿಲ್ಲ.’ ಧ್ವನಿವರ್ಧಕವೇ ಇಲ್ಲ ಎಂದು ಮೂರು ಸಲ ಬರೆದುಕೊಟ್ಟಾಗಿದೆ. ಟ್ರಂಪೆಟ್ಟಿಗೆ ಪ್ಲಗ್ ಇರುವುದಿಲ್ಲ ಸ್ವಾಮಿ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ 5(1), 5(2) ತಮಗೆ ಗೊತ್ತಿರುವಂಥವೇ: ಮೊದಲನೆಯದು ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸಬಾರದೆನ್ನುತ್ತದೆ; ಎರಡನೆಯದು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮುಚ್ಚಿದ ಸಭಾಂಗಣದಂಥ ಜಾಗ ಬಿಟ್ಟು, ಧ್ವನಿವರ್ಧಕವನ್ನೂ ವಾದ್ಯವನ್ನೂ ಬಳಸಬಾರದೆನ್ನುತ್ತದೆ. ಸಂಜೆ ಏಳಕ್ಕೆ, ಬಾಗಿಲು ಹಾಕಿದ ಭವನದೊಳಗೆ, ಮೈಕಿಲ್ಲದೆ ನುಡಿಸುವವರು ಇವೆರಡರಲ್ಲಿ ಯಾವುದಕ್ಕೆ ಸಿಕ್ಕಿಬೀಳುತ್ತಾರೆ? (ತಮ್ಮ ಹುಟ್ಟುಹಬ್ಬದಂದು ಅದೇ ಭವನದ ಮುಂದೆ ರಾತ್ರಿ ಹನ್ನೊಂದೂವರೆ ತನಕ ಮೊಳಗಿದ ಸ್ಪೀಕರುಗಳ ವ್ಯಾಟ್ ಯಾರು ಕೇಳಿದರೋ!)

ಮೈಕ್ ಬೇಡವೆನ್ನುವುದು ದುಡ್ಡಿಲ್ಲದ್ದಕ್ಕಲ್ಲ. ಸ್ವಿಂಗ್‌ನ ಹದವೇ ಅದು. 1937ರಲ್ಲಿ ಅಮೆರಿಕದ ಜಾಜ್ ನಾಯಕ ಕೌಂಟ್ ಬೇಸಿಯ ಬ್ಯಾಂಡ್ ಸೇರಿದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್, ಸುಮಾರು ಐವತ್ತು ವರ್ಷ ಆಂಪ್ಲಿಫೈಯರ್ ಹಂಗಿಲ್ಲದ ಗಿಟಾರಿನಲ್ಲೇ ತಾಳದ ಪ್ರತಿ ಸುತ್ತಿನ ನಾಲ್ಕೂ ಏಟು ಹಿಡಿದರು. ಅಂಥ ಗಿಟಾರ್ ಕೇಳಿಸಬೇಕೆಂದರೆ ಡ್ರಮ್ಮರ್ ಕಾಲಿನ ದೊಡ್ಡ ಡ್ರಮ್ಮನ್ನು ತಾಕಿಯೂ ತಾಕದ ಹಾಗೆ ಬಡಿಯಬೇಕು, ಎರಡು ಮತ್ತು ನಾಲ್ಕನೇ ಏಟಿಗೆ ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ಕಾಲಿನಿಂದ ಮುಚ್ಚಬೇಕು. ಸಮವಾಗಿ ಬರೆದ ಎರಡು ಸ್ವರಗಳಲ್ಲಿ ಮೊದಲನೆಯದನ್ನು ಎಷ್ಟು ಎಳೆಯಬೇಕು, ಎರಡನೆಯದನ್ನು ಎಷ್ಟು ಮೊಟಕು ಮಾಡಬೇಕು ಎಂಬುದಕ್ಕೆ ಐದೂ ಸ್ಯಾಕ್ಸೊಫೋನಿನವರು ಹೊಂದಿಕೊಳ್ಳಬೇಕು. ವೇಗ ಏರಿದಂತೆ ಆ ವ್ಯತ್ಯಾಸವೂ ಕಿರಿದಾಗುತ್ತದೆ. ವಾಟ್ಸಾಪಿನಲ್ಲಿ ಆಡಿಯೊ ಕಳಿಸಿ ಆಗುವ ಕೆಲಸವಲ್ಲ, ಅಕ್ಕಪಕ್ಕ ಕೂತೇ ಆಗಬೇಕು. ಅದಕ್ಕೇ ಭವನ ಕೇಳುತ್ತಿರುವುದು.

ಬದಲಿಗೆ ತೋರಿಸಿದ ಜಾಗ ನೆಲಮಾಳಿಗೆಯ ಪಾರ್ಕಿಂಗ್. ನಿಮಿಷಕ್ಕೆ 180 ಏಟಿನ ಹಾಡಿನಲ್ಲಿ ಒಂದೇಟಿಗೆ ಸೆಕೆಂಡಿನ ಮೂರನೇ ಒಂದು ಪಾಲು. ಆ ಕಾಂಕ್ರೀಟ್ ಗುಹೆಯಲ್ಲಿ ಸದ್ದು ಒಂದು ಸೆಕೆಂಡ್ ಉಳಿದರೂ ಮೂರು ಏಟು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ಭವನದಲ್ಲಾದರೆ ಪರದೆ, ಮರದ ವೇದಿಕೆ ಇವೆ. ಭವನವನ್ನೇ ಕೊಡಿ.

ಕಳೆದ ವಾರ, ಮೇಲ್ವಿಚಾರಕರ ಬಾಯಿಮಾತಿನ ಒಪ್ಪಿಗೆ ಇದ್ದಾಗಲೂ, ಸಿಬ್ಬಂದಿಯೊಬ್ಬರು ‘ಲೆಟರ್ ಎಲ್ಲಿ?’ ಎನ್ನುತ್ತ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯವನ್ನು ಹೊರಗೆಳೆದು ಮೆಟ್ಟಿಲ ಮೇಲೆ ಬೋರಲು ಹಾಕಿದರು. ಆಳೆತ್ತರದ ಆ ವಾದ್ಯವನ್ನು ಮಲಗಿಸುವುದೇ ಆದರೆ ಪಕ್ಕೆಯ ಮೇಲೆ. ತಂತಿಗಳನ್ನು ಹೊರುವ ಕುದುರೆ ಜಾರಿತು, ತಂತಿ ಸಡಿಲವಾಯಿತು, ಒಳಗೆ ಮುಂದಿನ-ಹಿಂದಿನ ಹಲಗೆಗಳ ನಡುವೆ ಅಂಟೇ ಇಲ್ಲದೆ ಒತ್ತಡದಲ್ಲಷ್ಟೇ ನಿಂತಿದ್ದ ಸೌಂಡ್ ಪೋಸ್ಟ್ ಎಂಬ ಕಡ್ಡಿ ಉರುಳಿತು. ಈಗ ವಾದ್ಯ ಅಲುಗಿಸಿದರೆ ಹೊಟ್ಟೆಯೊಳಗೆ ಲೊಡಲೊಡ. ಮೇಲ್ಹಲಗೆಯ ಕಂಡಿಯಿಂದ ಕೊಕ್ಕೆ ತೂರಿಸಿ ಅದನ್ನು ಮತ್ತೆ ನಿಲ್ಲಿಸಬೇಕು. ಅದಕ್ಕೆ ಮೊದಲೇ ತಂತಿ ಬಿಗಿದರೆ ಹಲಗೆ ಕುಸಿಯುವ ಭಯ. ಈ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಕೇಳಬೇಕೆಂದು ದಯವಿಟ್ಟು ತಿಳಿಸಿ.

ಬ್ಯಾಂಡ್ ನುಡಿಸಲೆಂದೇ ಕಬ್ಬನ್ ಪಾರ್ಕಿನಲ್ಲಿ ಮಂಟಪ ಕಟ್ಟಿಸಿದ ಊರಿದು. ನಾವು ಮಂಟಪ ಕೇಳುತ್ತಿಲ್ಲ. ಮಂಗಳವಾರ, ಶುಕ್ರವಾರ, ಆರರಿಂದ ಎಂಟು. ಕಿಟಕಿ ಮುಚ್ಚಿಯೇ ನುಡಿಸುತ್ತೇವೆ, ಟ್ರಂಪೆಟ್ಟುಗಳ ಬಾಯಿಗೆ ಸದ್ದಡಗಿಸುವ ಮ್ಯೂಟ್ ಹಾಕುತ್ತೇವೆ.

ಐದನೇ ಅರ್ಜಿ ಲಗತ್ತಿಸಿದೆ. ವ್ಯಾಟ್ ಕಾಲಂನಲ್ಲಿ ಸೊನ್ನೆ ಬರೆದಿದ್ದೇವೆ.

ಇಂತಿ,
ಬ್ಯಾಂಡಿನ ಹದಿನೇಳು ಮಂದಿ