ಅಜ್ಜಿಯ ಬೊಂತೆ ಅಟ್ಟದ ಮೇಲಿದೆಯಾ?

ಓವರ್‌ಲ್ಯಾಂಡ್ ಪಾರ್ಕ್, ಕ್ಯಾನ್ಸಸ್
ಅಕ್ಟೋಬರ್ 12

ಅಮ್ಮನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ "ಎಷ್ಟು ಖರ್ಚಾಯ್ತು?" ಅಂತ ಕೇಳಿಬಿಡ್ತೀಯ, ಕಥೆ ಅಲ್ಲಿಗೇ ನಿಂತುಹೋಗುತ್ತೆ. ಅದಕ್ಕೇ ಕಾಗದ.

ಹೋದ ವಾರ ಶುಕ್ರವಾರ ರಜೆ ಹಾಕಿ ಬಟ್ಟೆ ಅಂಗಡಿ ನೋಡೋಕೆ ಏಳುನೂರು ಕಿಲೋಮೀಟರ್ ಸುತ್ತಿ ಬಂದ್ವಿ. ಸೀರೆ ಅಂಗಡಿ ಅಲ್ಲ, ಬೊಂತೆ ಬಟ್ಟೆಯ ಅಂಗಡಿ. ನಗಬೇಡ. ಕರೆದವರು ಪಕ್ಕದ ಮನೆ ಅಜ್ಜಿ. ಎಪ್ಪತ್ತಾರು ವರ್ಷ, ಆದರೂ ಗಾಡಿ ನಾನೇ ಓಡಿಸ್ತೀನಿ ಅಂತ ಹಠ. ನಮ್ಮನೆಯವರು ಹಿಂದಿನ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ರು.

ಮೊದಲು ಹೋಗಿದ್ದು ಮಿಸೌರಿಯ ಹ್ಯಾಮಿಲ್ಟನ್. ಎರಡು ಸಾವಿರ ಜನವೂ ಇಲ್ಲದ ಊರು. ನಮ್ಮ ಶಿಡ್ಲಘಟ್ಟಕ್ಕೆ ರೇಷ್ಮೆ ಹೇಗೋ ಆ ಊರಿಗೆ ಕ್ವಿಲ್ಟ್ ಹಾಗೆ. ಕ್ವಿಲ್ಟ್ ಅಂದರೆ ಬಟ್ಟೆ ಚೂರು ಸೇರಿಸಿ ಹೊಲಿಯೋ ಇಲ್ಲಿನ ಬೊಂತೆ. 2008ರಲ್ಲಿ ಜೆನ್ನಿ ಡೋನ್ ಅನ್ನೋ ಹೆಂಗಸು ಮಕ್ಕಳ ಜೊತೆ ಸೇರಿ ಮಿಸೌರಿ ಸ್ಟಾರ್ ಅಂತ ಅಂಗಡಿ ಶುರು ಮಾಡಿ, ಯೂಟ್ಯೂಬಿನಲ್ಲಿ ಹೊಲಿಗೆ ಹೇಳಿಕೊಟ್ಟು ಹೆಸರಾದರು. ಈಗ ಪೇಟೆಬೀದಿ ತುಂಬ ಅವರದೇ ಅಂಗಡಿಗಳು. ಹೂವಿನ ಬಟ್ಟೆಗೆ ಒಂದು, ಮಕ್ಕಳ ಬಟ್ಟೆಗೆ ಒಂದು, ಬಾಟಿಕ್‌ಗೆ ಒಂದು, ಹಬ್ಬದ ಬಟ್ಟೆಗೆ ಇನ್ನೊಂದು. ಹೆಂಡತಿಯರ ಜೊತೆ ಬಂದ ಗಂಡಸರಿಗೆ ಒರಗು ಕುರ್ಚಿ, ಟಿವಿ ಇಟ್ಟು ಬೇರೆ ಜಾಗ ಮಾಡಿದ್ದಾರೆ. ನಿನ್ನ ಅಳಿಯ ಅಲ್ಲಿ ಗೊರಕೆ ಹೊಡೆದರು.

ಕತ್ತರಿಸೋ ಮೇಜಿನ ಹತ್ತಿರ ನಾನು ಬಾಯಿತಪ್ಪಿ "ಎರಡು ಮೀಟರ್" ಅಂದುಬಿಟ್ಟೆ. ಆ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಇಲ್ಲಿ ಯಾರ್ಡ್ ಲೆಕ್ಕ, ಅಂದರೆ ನಮ್ಮಜ್ಜಿಯ ಗಜವೇ, 36 ಇಂಚು. ಫ್ಯಾಟ್ ಕ್ವಾರ್ಟರ್ ಅಂತ ಒಂದು ತುಂಡು ಮಾರ್ತಾರೆ. ಕಾಲು ಗಜ ಕೇಳಿದರೆ ಸಾಮಾನ್ಯವಾಗಿ ಸಿಗೋದು 9 ಇಂಚಿನ ಉದ್ದನೆ ಪಟ್ಟಿ, ಅದರಲ್ಲಿ ದೊಡ್ಡ ಹೂವೊಂದನ್ನೂ ಪೂರ್ತಿ ಕತ್ತರಿಸೋಕಾಗಲ್ಲ. ಅದಕ್ಕೆ ಅರ್ಧ ಗಜ ಕತ್ತರಿಸಿ, ನಡುವೆ ಎರಡು ಮಾಡ್ತಾರೆ. ಬಟ್ಟೆ ಅಷ್ಟೇ, ಆದರೆ 18ಕ್ಕೆ 22 ಇಂಚಿನ ಅಗಲವಾದ ತುಂಡು. ಒಂದು ರವಿಕೆ ಕಣಕ್ಕೂ ಸಾಲಲ್ಲ! ಎರಡೂವರೆ ಇಂಚಿನ ಪಟ್ಟಿಗಳನ್ನು ಚಾಪೆ ಹಾಗೆ ಸುತ್ತಿಟ್ಟರೆ ಅದು ಜೆಲ್ಲಿ ರೋಲ್. ಒಳ್ಳೇ ಹತ್ತಿ ಬಟ್ಟೆ ಗಜಕ್ಕೆ ಹನ್ನೆರಡು ಹದಿಮೂರು ಡಾಲರ್. ರೂಪಾಯಿ ಲೆಕ್ಕ ನೀನೇ ಹಾಕಿಕೋ, ನಾನು ಬರೆಯಲ್ಲ. ಹೊಸ ಬಟ್ಟೆ ತಂದು, ಚೂರು ಮಾಡಿ, ಮತ್ತೆ ಸೇರಿಸಿ ಹೊಲಿಯೋದು ನೋಡಿದ್ದರೆ ಅಜ್ಜಿ "ಇವಕ್ಕೇನು ಬಂತು ದೊಡ್ಡರೋಗ" ಅಂದಿರೋರು.

ಮಾರನೇ ದಿನ ನೆಬ್ರಾಸ್ಕಾದ ಲಿಂಕನ್. ದಾರಿಯುದ್ದಕ್ಕೂ ಒಣಗಿ ನಿಂತ ಮುಸುಕಿನ ಜೋಳ, ಬೇರೇನೂ ಇಲ್ಲ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬೊಂತೆಗೇ ಒಂದು ಮ್ಯೂಸಿಯಂ ಇದೆ. 1997ರಲ್ಲಿ ಒಬ್ಬ ಗಂಡ ಹೆಂಡತಿ ತಾವು ಕೂಡಿಟ್ಟಿದ್ದ ಸುಮಾರು 950 ಕ್ವಿಲ್ಟ್ ಕೊಟ್ಟರಂತೆ, ಹಾಗೆ ಶುರುವಾಗಿದ್ದು. ಒಳಗೆ ಮಬ್ಬುಗತ್ತಲು. ಬೆಳಕು ಬಿದ್ದರೆ ಬಣ್ಣ ಹೋಗುತ್ತೆ ಅಂತ. ನಾವು ತಾರಸಿ ಮೇಲೆ ಸುಡುಬಿಸಿಲಿಗೆ ಹರವಿ ಕೋಲಿನಲ್ಲಿ ಬಡೀತಿದ್ದದ್ದು ನೆನಪಾಗಿ ಒಬ್ಬಳೇ ನಕ್ಕೆ.

ಅಪ್ಪನಿಗೆ ಒಂದು ವಿಷಯ ಹೇಳು. ನೂರು ನೂರೈವತ್ತು ವರ್ಷದ ಹಿಂದೆ ಇಲ್ಲಿನ ಶ್ರೀಮಂತರ ಮನೆ ಹೆಂಗಸರು ರೇಷ್ಮೆ ಚೂರುಗಳಲ್ಲೇ ಕ್ವಿಲ್ಟ್ ಮಾಡ್ತಿದ್ದರು. ಅವುಗಳಲ್ಲಿ ಕೆಲವು ತುಂಡು ತಾನೇ ತಾನಾಗಿ ಬಿರಿದು ಪುಡಿಯಾಗಿವೆ. ಯಾಕೆ ಗೊತ್ತಾ? ಅಂಟು ಬಿಡಿಸೋಕೆ ಬೇಯಿಸಿದಾಗ ರೇಷ್ಮೆಯ ತೂಕ ಹೆಚ್ಚುಕಮ್ಮಿ ಕಾಲುಭಾಗ ಹೋಗುತ್ತಲ್ಲ, ಆ ನಷ್ಟ ತುಂಬೋಕೆ ಆಗಿನವರು ತವರ, ಕಬ್ಬಿಣದ ಉಪ್ಪಿನಲ್ಲಿ ನೆನೆಸಿ ತೂಕ ಏರಿಸ್ತಿದ್ದರು. ಆ ಉಪ್ಪೇ ಎಳೆಯನ್ನು ತಿಂದುಹಾಕಿದೆ. ತೂಕದಲ್ಲಿ ಮೋಸ ಗೂಡಿನ ಮಾರುಕಟ್ಟೆಯಲ್ಲಿ ಮಾತ್ರ ಅಂದುಕೊಂಡಿದ್ದಾರೆ ಅಪ್ಪ.

ಇನ್ನು ನಾನು ಬರೆಯೋಕೆ ಕೂತ ನಿಜವಾದ ಕಾರಣ. ಅದೇ ಊರಿನ ಒಂದು ಸಣ್ಣ ಅಂಗಡಿಯಲ್ಲಿ, ಗೋಡೆ ಮೇಲೆ, ಅಜ್ಜಿ ಹೊಲೀತಿದ್ದ ಥರದ್ದೇ ಒಂದು ಬೊಂತೆ! ಕೆಳಗೆ "ಕವಂಡಿ ತರಗತಿ, 60 ಡಾಲರ್" ಅಂತ ಚೀಟಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿ ಅದು. ಒಂದು ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ನಾಲ್ಕು ಮೂಲೆಗೂ ಬಟ್ಟೆ ಮಡಿಸಿ "ಫೂಲ" ಇಡ್ತಾರೆ. ಫೂಲ ಇಲ್ಲದಿದ್ದರೆ ಕೌದಿ ಬೆತ್ತಲೆ ಅಂತಾರಂತೆ. ಅಂಗಡಿಯವಳು ಇದನ್ನೆಲ್ಲ ನನಗೆ ಹೇಳಿಕೊಟ್ಟಳು, ಕರ್ನಾಟಕದವಳಿಗೆ! ನಮ್ಮಜ್ಜಿಯೂ ಹೊಲೀತಿದ್ದರು ಅಂದೆ. "ನಿಮ್ಮ ಹತ್ತಿರ ಒಂದಾದರೂ ಇದೆಯಾ?" ಅಂತ ಕೇಳಿದಳು.

ಏನು ಹೇಳಲಿ? ಇಲ್ಲಿಗೆ ಹೊರಡೋ ಹಿಂದಿನ ರಾತ್ರಿ ನೀನು ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಯಾರಾದರೂ ನೋಡಿದರೆ ಏನಂದುಕೊಳ್ತಾರೋ ಅಂತ ನಾನೇ ತೆಗೆದು ಮಂಚದ ಕೆಳಗೆ ತಳ್ಳಿದೆ. ತೂಕ ಜಾಸ್ತಿ ಆಯ್ತು ಅಂದದ್ದು ಸುಳ್ಳು.

ಅದು ಅಟ್ಟದ ಮೇಲಿದೆಯಾ, ಇಲ್ಲ ಚಳಿಗೆ ಕರುವಿಗೆ ಹೊದಿಸಿಬಿಟ್ಟೆಯಾ? ನೇರಳೆ ಬಣ್ಣದ ಚೂರು ನಿನ್ನ ಬಾಣಂತನದ ಸೀರೆಯದು ಅಂತ ಅಜ್ಜಿ ಹೇಳ್ತಿದ್ದರು, ಅದೇ ಬೊಂತೆ. ಇದ್ದರೆ ಡಿಸೆಂಬರಿನಲ್ಲಿ ಮೈದುನನ ಕೈಲಿ ಕಳಿಸು. ಅವನಿಗೆ 23 ಕೆಜಿಯ ಎರಡು ಪೆಟ್ಟಿಗೆ ಇದೆ. ಉಪ್ಪಿನಕಾಯಿ ಬಿಟ್ಟರೂ ಪರವಾಗಿಲ್ಲ, ಸಾರಿನ ಪುಡಿ ಮಾತ್ರ ಬಿಡಬೇಡ. ಇಲಿ ಕಡಿದಿದ್ದರೂ ಕಳಿಸು, ಒಗೆಯೋಕೆ ಹೋಗಬೇಡ. ಜೊತೆಗೆ ದೊಡ್ಡಮ್ಮನ ಹತ್ತಿರ ಹರಿದ ನೂಲಿನ ಸೀರೆ ಇದ್ದರೆ ಎರಡು ಮೂರು, ಮತ್ತೆ ಅಜ್ಜಿಯ ದಬ್ಬಣ. ಇಲ್ಲಿನ ಸೂಜಿ ನಾಲ್ಕು ಪದರಕ್ಕೇ ಬಾಗುತ್ತೆ.

ಅಪ್ಪ ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ ನೋಡು.

ನಿನ್ನ ಮಗಳು